ಬಾಡಿಗೆಗೆ ಬಂದ ಆಟಗಳು

ಈ ಸ್ಮರಣ ಸಂಚಿಕೆಗಾಗಿ ಹಳೆಯ ಚಿತ್ರಗಳನ್ನು ಒಟ್ಟುಮಾಡುವ ಹೊಣೆ ನನ್ನ ಪಾಲಿಗೆ ಬಂದಾಗ ಕಚೇರಿಯ ಮೂಲೆಯಲ್ಲಿರುವ ಕಬ್ಬಿಣದ ಕಪಾಟನ್ನು ಪೂರ್ತಿ ಬರಿದು ಮಾಡಿ ನೋಡಬೇಕಾಯಿತು. ಹಾಜರಿ ಪುಸ್ತಕಗಳು, ಪ್ರವೇಶ ದಾಖಲೆಗಳು, ಇಲಿ ಕಡಿದ ಒಂದು ಭೂಪಟ, ಬಣ್ಣ ಮಾಸಿದ ಎರಡು ಪಾರಿತೋಷಕಗಳು. ಇವೆಲ್ಲದರ ಹಿಂದೆ, ಪ್ಲಾಸ್ಟಿಕ್ ಚೀಲವೊಂದರಲ್ಲಿ ಸುತ್ತಿಟ್ಟ ಒಂದು ವಿಡಿಯೊ ಕ್ಯಾಸೆಟ್. ಅದರ ಬೆನ್ನಿಗೆ ಅಂಟಿಸಿದ ಚೀಟಿಯ ಮೇಲೆ ನಮ್ಮ ಅಂದಿನ ವ್ಯಾಯಾಮ ಶಿಕ್ಷಕರ ದುಂಡಗಿನ ಅಕ್ಷರ: ‘ಕ್ರೀಡೋತ್ಸವ, ಜನವರಿ 1987’.

ನೂರು ವರ್ಷಗಳ ಈ ಶಾಲೆಯ ಬದುಕಿನಲ್ಲಿ ನಮ್ಮ ಮಕ್ಕಳು ಓಡಿದ್ದನ್ನು, ಜಿಗಿದದ್ದನ್ನು, ಬಿದ್ದದ್ದನ್ನು ಚಲಿಸುವ ಚಿತ್ರವಾಗಿ ಹಿಡಿದಿಟ್ಟ ಹಳೆಯ ದಾಖಲೆ ಎಂದರೆ ಇದೊಂದೇ. ಸ್ಥಾಪಕರ ಭಾವಚಿತ್ರಗಳಿವೆ, ಶಿಕ್ಷಕವೃಂದದ ಗುಂಪುಚಿತ್ರಗಳಿವೆ. ಅವುಗಳಲ್ಲಿ ಎಲ್ಲರೂ ಕೈಕಟ್ಟಿ ಕುಳಿತಿದ್ದಾರೆ. ಅದರಲ್ಲಿ ಏನಿತ್ತೆಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲು, ಅಂಥದೊಂದು ಕಪ್ಪು ಪೆಟ್ಟಿಗೆ ಚಂದ್ರಗಿರಿ ಹೊಳೆಯ ಈಚೆಗಿನ ನಮ್ಮ ಊರಿಗೆ ಹೇಗೆ ಬಂತು, ಬಾಡಿಗೆಗೆ ತಂದ ಕ್ಯಾಸೆಟ್‌ಗಳು ಈ ಶಾಲೆಯ ಆಟದ ಮೈದಾನವನ್ನು ಹೇಗೆ ಮುಟ್ಟಿದವು ಎಂಬುದನ್ನು ಬರೆದಿಡಬೇಕೆನಿಸಿದೆ. ಶತಮಾನೋತ್ಸವದ ಸಂಚಿಕೆಗೆ ಇದು ತಕ್ಕ ವಿಷಯವೇ ಎಂದು ಸಮಿತಿಯ ಹಿರಿಯರೊಬ್ಬರು ಕೇಳಿದರು. ಊರಿನ ಚರಿತ್ರೆಯಲ್ಲಿ ಅಂಗಡಿಗಳಿಗೂ ಒಂದು ಪುಟವಿರಬೇಕೆಂದು ನನ್ನ ನಂಬಿಕೆ.

ಕ್ಯಾಸೆಟ್ ಬರುವ ಮೊದಲು ನಮ್ಮ ಪಾಲಿಗೆ ಆಟವೆಂದರೆ ಕೇಳುವ ಅಥವಾ ಓದುವ ವಸ್ತು. ರೇಡಿಯೊದ ವೀಕ್ಷಕ ವಿವರಣೆ ಕೇಳಿ ಗುಂಡಪ್ಪ ವಿಶ್ವನಾಥರ ಸ್ಕ್ವೇರ್ ಕಟ್ ಹೇಗಿದ್ದಿರಬಹುದೆಂದು ಊಹಿಸಿಕೊಳ್ಳುವುದು, ಮರುದಿನ ಪತ್ರಿಕೆಯಲ್ಲಿ ಒಂದು ನಿಶ್ಚಲ ಚಿತ್ರ ನೋಡುವುದು. 1980ರಲ್ಲಿ ಪ್ರಕಾಶ್ ಪಡುಕೋಣೆ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಗೆದ್ದಾಗ ನಮಗೆ ದಕ್ಕಿದ್ದು ಅಂಥ ಒಂದು ಚಿತ್ರ ಮಾತ್ರ. ಚಿತ್ರಮಂದಿರಕ್ಕೆ ಹೋದರೆ ಸಿನಿಮಾಕ್ಕೆ ಮೊದಲು ಫಿಲ್ಮ್ಸ್ ಡಿವಿಜನ್ನಿನ ಸುದ್ದಿಚಿತ್ರದಲ್ಲಿ ಅಣೆಕಟ್ಟು, ಮಂತ್ರಿಗಳು, ನೆರೆ ಪರಿಹಾರಗಳ ನಡುವೆ ಅರ್ಧ ನಿಮಿಷದ ಟೆಸ್ಟ್ ಪಂದ್ಯವೊಂದು ಕಾಣಿಸಿಕೊಳ್ಳುತ್ತಿತ್ತು. ಅಷ್ಟರಲ್ಲಿ ಆ ಪಂದ್ಯ ಮುಗಿದು ವಾರಗಳೇ ಕಳೆದಿರುತ್ತಿದ್ದವು.

ಜಪಾನಿನ ಸೋನಿ ಕಂಪೆನಿ 1975ರಲ್ಲಿ ಬೀಟಾಮ್ಯಾಕ್ಸ್ ಯಂತ್ರವನ್ನೂ ಜೆವಿಸಿ ಕಂಪೆನಿ 1976ರಲ್ಲಿ ವಿ.ಎಚ್.ಎಸ್. ಯಂತ್ರವನ್ನೂ ಮಾರುಕಟ್ಟೆಗೆ ತಂದವು. ಮರುವರ್ಷವೇ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಜಾರ್ಜ್ ಅಟ್ಕಿನ್ಸನ್ ಎಂಬಾತ ಸಿನಿಮಾ ಕ್ಯಾಸೆಟ್‌ಗಳನ್ನು ದಿನಬಾಡಿಗೆಗೆ ಕೊಡುವ ಅಂಗಡಿ ತೆರೆದ. ಅಂಥ ಯಂತ್ರ ಬೆಂಗಳೂರಿನ ಸಾಮಾನ್ಯ ಮಧ್ಯಮ ವರ್ಗದ ಮನೆಗೂ ದುರ್ಲಭವಾಗಿದ್ದ ದಿನಗಳಲ್ಲಿ ನಮ್ಮ ಕಾಸರಗೋಡಿನ ಮನೆಗಳಿಗೆ ಅದು ಬಂದದ್ದು ದೊಡ್ಡ ಊರುಗಳ ದಾರಿಯಿಂದಲ್ಲ, ಸಮುದ್ರದ ದಾರಿಯಿಂದ. ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋದವರು ರಜೆಗೆ ಬರುವಾಗ ರಟ್ಟಿನ ಪೆಟ್ಟಿಗೆಗಳಿಗೆ ಹಗ್ಗ ಬಿಗಿದು ತಂದ ಸಾಮಾನುಗಳಲ್ಲಿ ಸುಗಂಧ, ಟಾರ್ಚು, ಟೇಪ್ ರೆಕಾರ್ಡರುಗಳ ಬಳಿಕದ ಸರದಿ ವಿ.ಸಿ.ಆರ್.ನದು. ಇನ್ನೊಂದು ಅನುಕೂಲವೂ ಇತ್ತು. ಅಲ್ಲಿಯ ಟಿ.ವಿ.ಯೂ ಇಲ್ಲಿಯ ಟಿ.ವಿ.ಯೂ ‘ಪಾಲ್’ ಎಂಬ ಒಂದೇ ಪದ್ಧತಿಯವು. ಆದ್ದರಿಂದ ಶಾರ್ಜಾದಲ್ಲಿ ತುಂಬಿಸಿದ ಟೇಪು ಕುಂಬಳೆಯಲ್ಲಿ ನೇರವಾಗಿ ಓಡುತ್ತಿತ್ತು. ಅಮೆರಿಕದ ಪದ್ಧತಿ ಬೇರೆ. ಅಲ್ಲಿದ್ದ ಬಂಧುಗಳು ಕಳುಹಿಸಿದ ಕ್ಯಾಸೆಟ್ ಹಾಕಿದರೆ ಪರದೆಯ ಮೇಲೆ ಬಣ್ಣವಿಲ್ಲದ ಗೆರೆಗಳು ಉರುಳುತ್ತಿದ್ದವು. ದೇವರ ಕೋಣೆಯ ಪಕ್ಕದಲ್ಲಿಟ್ಟು ವರ್ಷಗಟ್ಟಲೆ ಕಾಪಾಡಿದ ಅಂಥ ಒಂದು ಕ್ಯಾಸೆಟನ್ನು ನಾನು ಬಲ್ಲೆ. ಅದರಲ್ಲಿ ಏನಿದೆಯೆಂದು ಆ ಮನೆಯವರಿಗೆ ಕೊನೆಗೂ ತಿಳಿಯಲಿಲ್ಲ.

1982ರ ನವೆಂಬರಿನಲ್ಲಿ ದೆಹಲಿಯಲ್ಲಿ ಏಷ್ಯನ್ ಕ್ರೀಡಾಕೂಟ ನಡೆಯಿತು. ದೂರದರ್ಶನಕ್ಕೆ ಬಣ್ಣ ಬಂದದ್ದೂ ಆ ವರ್ಷವೇ. ಆ ಕೂಟದಲ್ಲಿ ಮಹಿಳೆಯರ 400 ಮೀಟರ್ ಹರ್ಡಲ್ಸ್‌ನಲ್ಲಿ ಚಿನ್ನ ಗೆದ್ದ ಎಂ.ಡಿ. ವಲ್ಸಮ್ಮ ಕಣ್ಣೂರು ಜಿಲ್ಲೆಯವರು. ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದದ್ದು 1984ರ ಮೇ 24ರಂದು. ಹಾಗಾಗಿ 1982ರಲ್ಲಿ ವಲ್ಸಮ್ಮ ನಮ್ಮದೇ ಜಿಲ್ಲೆಯ ಹುಡುಗಿ. ನಮ್ಮ ವ್ಯಾಯಾಮ ಶಿಕ್ಷಕರು ಇದನ್ನು ಪ್ರಾರ್ಥನಾ ಸಭೆಯಲ್ಲಿ ಎಷ್ಟು ಸಲ ಹೇಳಿದರೆಂದರೆ, ಜಿಲ್ಲೆ ವಿಭಜನೆಯಾದಾಗ ನಮ್ಮ ತರಗತಿಯ ಹುಡುಗಿಯೊಬ್ಬಳು, “ಹಾಗಾದರೆ ಇನ್ನು ವಲ್ಸಮ್ಮ ನಮ್ಮವಳಲ್ಲವಾ ಸಾರ್?” ಎಂದು ಕೇಳಿದ್ದಳು. ಭಾಷಾವಾರು ವಿಂಗಡಣೆಯಲ್ಲಿ ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಇತ್ತ ಸೇರಿದ ಊರಿನ ಮಕ್ಕಳಿಗೆ ಗಡಿರೇಖೆಗಳ ವಿಷಯದಲ್ಲಿ ಅಂಥ ಪ್ರಶ್ನೆ ಸಹಜವೇ.

ಬಾಡಿಗೆ ಅಂಗಡಿಗಳು ತಲೆಯೆತ್ತಿದ್ದು ಅದೇ ಹೊತ್ತಿಗೆ. ಪೇಟೆಯಲ್ಲಿ ಟೈಲರ್ ಅಂಗಡಿಯ ಅರ್ಧ ಭಾಗ, ಲಾಡ್ಜಿನ ಮೆಟ್ಟಿಲ ಕೆಳಗಿನ ಸಂದು, ಇಂಥಲ್ಲಿ ‘ವಿಡಿಯೊ ಲೈಬ್ರರಿ’ ಎಂಬ ಫಲಕ. ಲೈಬ್ರರಿ ಎಂಬ ಹೆಸರನ್ನು ನಂಬಿ ನನ್ನ ಅಜ್ಜ ಅಲ್ಲಿಗೆ ಪಂಚಾಂಗ ಕೇಳಲು ಹೋಗಿ ಮರಳಿದ್ದುಂಟು. ಮುಂಗಡ ಹಣ ಇಟ್ಟು ಸದಸ್ಯರಾಗಬೇಕು. ನಮ್ಮ ಊರಿನಲ್ಲಿ ದಿನವೊಂದಕ್ಕೆ ಹತ್ತು ರೂಪಾಯಿ ಬಾಡಿಗೆ. ರಿವೈಂಡ್ ಮಾಡದೆ ಮರಳಿಸಿದರೆ ದಂಡ. ಮನೆಯಲ್ಲಿ ಯಂತ್ರವಿಲ್ಲದವರು ಟಿ.ವಿ., ವಿ.ಸಿ.ಪಿ., ಮೂರು ಕ್ಯಾಸೆಟ್ ಸೇರಿಸಿ ಒಂದು ರಾತ್ರಿಗೆ ಬಾಡಿಗೆಗೆ ತರುತ್ತಿದ್ದರು. ತಂದ ರಾತ್ರಿ ಯಾರೂ ನಿದ್ರಿಸುವಂತಿಲ್ಲ, ಕೊಟ್ಟ ಹಣ ದಂಡವಾಗುತ್ತದೆಯಲ್ಲ! ನೆರೆಮನೆಯವರು ಚಾಪೆ ತಂದು ಅಂಗಳದಲ್ಲಿ ಕೂರುವರು. ಬೆಳಗಾಗುವಾಗ ಅರ್ಧ ಜನ ಗೊರಕೆ, ಅರ್ಧ ಜನ ಮೂರನೆಯ ಚಿತ್ರದ ಕೊನೆಯ ಹೊಡೆದಾಟ.

ಈ ವ್ಯಾಪಾರದ ಬಹುಪಾಲು ನ್ಯಾಯಸಮ್ಮತವಾಗಿರಲಿಲ್ಲವೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಒಂದರಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ನಕಲಾಗುತ್ತ ಬಂದ ಟೇಪುಗಳಲ್ಲಿ ನಾಯಕಿಯ ಮುಖ ಅಳಿಸಿಹೋಗಿರುತ್ತಿತ್ತು. 1984ರಲ್ಲಿ ಕೃತಿಸ್ವಾಮ್ಯ ಕಾನೂನಿಗೆ ತಿದ್ದುಪಡಿಯಾಗಿ, ಕಳ್ಳಪ್ರತಿಗೆ ಕನಿಷ್ಠ ಆರು ತಿಂಗಳ ಸೆರೆ, 50,000 ರೂಪಾಯಿ ದಂಡ ಎಂದಾಯಿತು. ಆ ಬಳಿಕ ಕ್ಯಾಸೆಟ್‌ನ ಮೇಲೆ ತಯಾರಕರ ಹೆಸರು, ಹಕ್ಕುದಾರರ ಹೆಸರು ಇರಬೇಕೆಂಬ ನಿಯಮವೂ ಬಂತು. ಅಂಗಡಿಯ ಕಪಾಟಿನಲ್ಲಿ ಹೆಸರಿದ್ದವು ಎದುರಿಗೂ ಹೆಸರಿಲ್ಲದವು ಮೇಜಿನ ಕೆಳಗೂ ಸ್ಥಳ ಬದಲಿಸಿದವು, ಅಷ್ಟೆ.

ಕಪಾಟುಗಳ ವಿಷಯ ಬಂದುದರಿಂದ ಒಂದು ಮಾತು. ನಾವು ಹೋಗುತ್ತಿದ್ದ ಅಂಗಡಿಯಲ್ಲಿ ಮಲಯಾಳಕ್ಕೆ ಮೂರು ಅಡ್ಡೆ, ಹಿಂದಿಗೆ ಎರಡು, ಇಂಗ್ಲಿಷಿಗೆ ಒಂದು, ಕನ್ನಡಕ್ಕೆ ಅರ್ಧ. ಆ ಅರ್ಧ ಅಡ್ಡೆಯನ್ನು ತುಂಬಿಸಲು ಅಂಗಡಿಯವರು ತಿಂಗಳಿಗೊಮ್ಮೆ ಐವತ್ತು ಕಿಲೋಮೀಟರ್ ದೂರದ ಮಂಗಳೂರಿಗೆ ಹೋಗಿ ಬರುತ್ತಿದ್ದರು. ಊರಿನ ಚಿತ್ರಮಂದಿರಗಳಲ್ಲಿ ಕನ್ನಡ ಚಿತ್ರ ಅಪರೂಪವಾಗುತ್ತಿದ್ದ ಕಾಲವದು. ‘ಬಂಗಾರದ ಮನುಷ್ಯ’ವನ್ನಾಗಲಿ ‘ಮಯೂರ’ವನ್ನಾಗಲಿ ನನ್ನ ತಲೆಮಾರಿನ ಅನೇಕರು ನೋಡಿದ್ದು ಆ ಅರ್ಧ ಅಡ್ಡೆಯಿಂದ. ಉಳಿದರ್ಧದಲ್ಲಿದ್ದವು ‘ಮ್ಯಾಚ್’ ಎಂದು ಪೆನ್ಸಿಲಿನಲ್ಲಿ ಬರೆದ ಕ್ಯಾಸೆಟ್‌ಗಳು. ಕನ್ನಡವೂ ಕ್ರೀಡೆಯೂ ಒಂದೇ ಹಲಗೆಯ ಮೇಲೆ ಅಕ್ಕಪಕ್ಕ ಇದ್ದವು. ಒಂದನ್ನು ಹುಡುಕಲು ಹೋದವರ ಕೈಗೆ ಇನ್ನೊಂದು ಸಿಗುತ್ತಿತ್ತು; ನಾನು ಕ್ರೀಡಾಭಿಮಾನಿಯಾದ ಬಗೆ ಅದು.

ಯಾವ ಆಟ ಬಾಡಿಗೆಗೆ ಸಿಗುತ್ತದೆ, ಯಾವುದು ಸಿಗುವುದಿಲ್ಲ ಎಂಬುದನ್ನು ನಿರ್ಧರಿಸುತ್ತಿದ್ದುದು ಟೇಪಿನ ಉದ್ದ. ಅರ್ಧ ಇಂಚು ಅಗಲದ, ಕಾಲು ಕಿಲೋಮೀಟರಿಗಿಂತ ತುಸು ಹೆಚ್ಚು ಉದ್ದದ ಪಟ್ಟಿ ಮೂರು ಗಂಟೆಗೆ ಸಾಕಾಗುತ್ತಿತ್ತು. ಐದು ದಿನಗಳ ಟೆಸ್ಟ್ ಪಂದ್ಯಕ್ಕೆ ಹತ್ತು ಕ್ಯಾಸೆಟ್ ಬೇಕು. ಆದುದರಿಂದ ಟೆಸ್ಟ್ ಕ್ರಿಕೆಟ್ ಯಾವ ಅಂಗಡಿಯಲ್ಲೂ ಇರಲಿಲ್ಲ. ಅಂದಿನ 60 ಓವರುಗಳ ಒಂದು ದಿನದ ಪಂದ್ಯವೂ ಒಂದರಲ್ಲಿ ಹಿಡಿಯದು. ಸಿಗುತ್ತಿದ್ದುದು ಬೌಂಡರಿಗಳನ್ನೂ ವಿಕೆಟುಗಳನ್ನೂ ಪೋಣಿಸಿದ ಸಂಗ್ರಹ. ಎರಡು ಬೌಂಡರಿಗಳ ನಡುವೆ ಬಿಟ್ಟ ಚೆಂಡುಗಳು, ಬೌಲರನು ಬಲೆ ಹೆಣೆಯುವ ಓವರುಗಳು, ಪ್ರಸನ್ನ, ಚಂದ್ರಶೇಖರರಂಥವರ ವಿದ್ಯೆಯೆಲ್ಲ ಇರುವುದು ಅಲ್ಲಿ. ಅದು ಟೇಪಿಗೆ ಬರಲಿಲ್ಲ. ಮುಂದೆ ಬಂದ ಕ್ರಿಕೆಟ್ಟಿನ ಅವಸರಕ್ಕೆ ಈ ಸಂಗ್ರಹದ ಕ್ಯಾಸೆಟ್‌ಗಳೂ ಕಣ್ಣನ್ನು ಪಳಗಿಸಿದವೇನೋ ಎಂದು ನನಗೆ ಅನುಮಾನವಿದೆ. ಫುಟ್ಬಾಲಿಗಾದರೋ ಈ ತೊಂದರೆಯಿಲ್ಲ. ತೊಂಬತ್ತು ನಿಮಿಷ ಇಡಿಯಾಗಿ ಹಿಡಿದು ಇನ್ನೂ ಅರ್ಧ ಟೇಪು ಉಳಿಯುತ್ತಿತ್ತು; ಉಳಿದುದರಲ್ಲಿ ಯಾರದೋ ಮದುವೆ.

1983ರ ಜೂನ್ 25ರಂದು ಲಾರ್ಡ್ಸ್‌ನಲ್ಲಿ ಭಾರತ 183 ರನ್ನಿಗೆ ಆಲೌಟಾಗಿಯೂ ವೆಸ್ಟ್ ಇಂಡೀಸನ್ನು 140ಕ್ಕೆ ಉರುಳಿಸಿತಲ್ಲ, ಆ ಸಂಗ್ರಹ ನಮ್ಮ ಊರಿನಲ್ಲಿ ಸವೆದು ಹರಿಯುವಷ್ಟು ಓಡಿತು. ಆ ಕೂಟದಲ್ಲಿ ಎಲ್ಲರಿಗಿಂತ ಹೆಚ್ಚು, 18 ವಿಕೆಟ್ ಪಡೆದ ರೋಜರ್ ಬಿನ್ನಿಯೂ ವಿಕೆಟ್ ಹಿಂದಿದ್ದ ಸೈಯದ್ ಕಿರ್ಮಾನಿಯೂ ಕರ್ನಾಟಕದವರೆಂಬುದು ನಮಗೆ ಇಮ್ಮಡಿ ಹಿಗ್ಗು. 1986ರ ಏಪ್ರಿಲ್ 18ರ ಶಾರ್ಜಾ ಪಂದ್ಯದ ಟೇಪು ಮಾತ್ರ ಬೇರೆ ಬಗೆಯದು. ಕೊನೆಯ ಚೆಂಡಿಗೆ ನಾಲ್ಕು ರನ್ ಬೇಕಿದ್ದಾಗ ಚೇತನ್ ಶರ್ಮರ ಎಸೆತಕ್ಕೆ ಜಾವೇದ್ ಮಿಯಾಂದಾದ್ ಸಿಕ್ಸರ್ ಹೊಡೆದ ಆ ಪಂದ್ಯವನ್ನು ಸೋತವರೇ ಮತ್ತೆ ಮತ್ತೆ ಬಾಡಿಗೆಗೆ ಒಯ್ಯುತ್ತಿದ್ದರು. ಪ್ರೇಕ್ಷಕರ ಸಾಲನ್ನು ತೋರಿಸುವಾಗ ನಿಲ್ಲಿಸಿ, ಅಲ್ಲಿ ದುಡಿಯುತ್ತಿದ್ದ ಅಣ್ಣನೋ ಭಾವನೋ ಕಾಣುತ್ತಾನೆಯೇ ಎಂದು ಹುಡುಕುವುದು ಒಂದು ಕೆಲಸವಾಗಿತ್ತು. ಎಷ್ಟೋ ಮನೆಗಳ ತಾಯಂದಿರು ಕ್ರಿಕೆಟ್ ನೋಡಿದ್ದು ಆ ಕಾರಣಕ್ಕೆ.

ಆ ವರ್ಷದ ಜೂನ್ 22ರಂದು ಮೆಕ್ಸಿಕೊದಲ್ಲಿ ಅರ್ಜೆಂಟೀನಾದ ಮರಡೋನಾ ಇಂಗ್ಲೆಂಡಿನ ವಿರುದ್ಧ ನಾಲ್ಕು ನಿಮಿಷಗಳ ಅಂತರದಲ್ಲಿ ಹೊಡೆದ ಎರಡು ಗೋಲುಗಳನ್ನು, ಅಂದರೆ ಕೈಯಿಂದ ತಳ್ಳಿದ ಒಂದನ್ನೂ ಅರ್ಧ ಮೈದಾನ ದಾಟಿ ಹೊಡೆದ ಇನ್ನೊಂದನ್ನೂ, ಬಲ್ಲದ ಮಗು ಮೊಗ್ರಾಲಿನಿಂದ ತೃಕ್ಕರಿಪುರದವರೆಗೆ ಇರಲಿಲ್ಲ. ಅಲ್ಲಿ ನಡುಹಗಲು ಹನ್ನೆರಡಾದರೆ ಇಲ್ಲಿ ರಾತ್ರಿ ಹನ್ನೊಂದೂವರೆ. ಗಂಡುಮಕ್ಕಳು ಟಾರ್ಚು ಹಿಡಿದು ಕ್ಲಬ್ಬಿಗೋ ಗಲ್ಫಿನವರ ಮನೆಗೋ ಹೋಗುತ್ತಿದ್ದರು. ಹೆಣ್ಣುಮಕ್ಕಳು ಹೊಸ್ತಿಲು ದಾಟುವ ಹೊತ್ತಲ್ಲ ಅದು. ನಮಗೆ ಆ ಗೋಲುಗಳು ಸಿಕ್ಕಿದ್ದು ಮೂರು ವಾರಗಳ ಬಳಿಕ, ಒಂದು ಶನಿವಾರ ಮಧ್ಯಾಹ್ನ, ಊಟದ ಪಾತ್ರೆ ತೊಳೆದಿಟ್ಟ ಮೇಲೆ. ಬಾಡಿಗೆಯ ಕ್ಯಾಸೆಟ್‌ನ ಬಗ್ಗೆ ಇಷ್ಟು ಬರೆಯಲು ಮುಖ್ಯ ಕಾರಣ ಇದು. ನೇರ ಪ್ರಸಾರ ಗಂಡಸರ ಹೊತ್ತಿಗೆ ಬರುತ್ತಿತ್ತು. ಕ್ಯಾಸೆಟ್ ನಮ್ಮ ಹೊತ್ತಿಗೆ ಕಾಯುತ್ತಿತ್ತು.

ನಮ್ಮ ವ್ಯಾಯಾಮ ಶಿಕ್ಷಕರಿಗೆ ಅದು ಹೊಳೆದದ್ದು ಎಲ್ಲರಿಗಿಂತ ಮೊದಲು. ಅವರ ಹೆಸರನ್ನು ಹಳೆಯ ವಿದ್ಯಾರ್ಥಿಗಳಿಗೆ ನಾನು ಹೇಳಬೇಕಾಗಿಲ್ಲ. ಅವರಿಗೆ ಹೆಸರು ಹಾಕಿಸಿಕೊಳ್ಳುವುದು ಇಷ್ಟವೂ ಇರಲಿಲ್ಲ. 1984ರ ಆಗಸ್ಟಿನಲ್ಲಿ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಪಿ.ಟಿ. ಉಷಾ 400 ಮೀಟರ್ ಹರ್ಡಲ್ಸ್ ಓಡಿದರು. ಮಹಿಳೆಯರಿಗೆ ಆ ಸ್ಪರ್ಧೆ ಒಲಿಂಪಿಕ್ಸಿನಲ್ಲಿ ಸೇರಿದ್ದು ಆಗಲೇ ಮೊದಲು. ಕೋಯಿಕ್ಕೋಡು ಜಿಲ್ಲೆಯ ಪಯ್ಯೋಳಿಯ ಈ ಹುಡುಗಿ ಪಳಗಿದ್ದು ಕಣ್ಣೂರಿನ ಕ್ರೀಡಾ ವಿಭಾಗದಲ್ಲಿ. ಮರುವರ್ಷದ ಆರಂಭದಲ್ಲಿ, ನಾವು ಹತ್ತನೆಯ ತರಗತಿಯವರು ಪರೀಕ್ಷೆಗೆ ಕುಳಿತುಕೊಳ್ಳುವ ಮುನ್ನ, ಆ ಓಟವಿರುವ ಕ್ಯಾಸೆಟೊಂದು ಗಲ್ಫಿನಿಂದ ಬಂದು ಅಂಗಡಿಯನ್ನು ಸೇರಿದೆಯೆಂದು ತಿಳಿದು, ಮಾಸ್ತರರು ತಮ್ಮ ಸ್ವಂತ ಹಣದಿಂದ ಟಿ.ವಿ.ಯನ್ನೂ ವಿ.ಸಿ.ಪಿ.ಯನ್ನೂ ಒಂದು ಹಗಲಿಗೆ ಬಾಡಿಗೆಗೆ ಹಿಡಿದರು. ಜೀಪಿನಲ್ಲಿ ಹಾಸಿಗೆ ಹಾಸಿ ಅದರ ಮೇಲೆ ಟಿ.ವಿ.ಯನ್ನು ಕೂರಿಸಿ ತಂದದ್ದು ನೆನಪಿದೆ. ಏಳನೆಯ ತರಗತಿಯ ಕೋಣೆಯ ಕಿಟಕಿಗಳಿಗೆ ಗೋಣಿ ಕಟ್ಟಿದರು. “ಮೊದಲು ಹುಡುಗಿಯರು. ಹುಡುಗರು ಹೊರಗೆ ನಿಲ್ಲಿ,” ಎಂದರು. ಈ ಶಾಲೆಯಲ್ಲಿ ಆ ಕ್ರಮದಲ್ಲಿ ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಟೇಪಿನಲ್ಲಿದ್ದ ಇಂಗ್ಲಿಷ್ ವಿವರಣೆ ನಮಗೆ ಅರ್ಥವಾಗದೆಂದು ಅವರು ಧ್ವನಿಯನ್ನು ಪೂರ್ತಿ ಅಡಗಿಸಿ ತಾವೇ ಕನ್ನಡದಲ್ಲಿ ಹೇಳತೊಡಗಿದರು. ಯಕ್ಷಗಾನದ ಅರ್ಥಗಾರಿಕೆ ಬಲ್ಲವರು. ಓಟಗಾರ್ತಿಯರು ಗೆರೆಯ ಬಳಿ ನಿಂತದ್ದನ್ನು ಪಾತ್ರಪ್ರವೇಶದಂತೆ ಒಬ್ಬೊಬ್ಬರನ್ನಾಗಿ ಬಣ್ಣಿಸಿದರು. ಮೊದಲ ಸಲ ಆಸ್ಟ್ರೇಲಿಯದಾಕೆಯೊಬ್ಬಳ ತಪ್ಪಿನಿಂದ ಓಟ ನಿಂತಿತು. ಎರಡನೆಯ ಸಲ ಉಷಾ ಹೊರಟದ್ದು ಮೊದಲಿನಷ್ಟು ಚುರುಕಾಗಿರಲಿಲ್ಲ. ಆ ವ್ಯತ್ಯಾಸವನ್ನು ತೋರಿಸಲು ಮಾಸ್ತರರು ಮೂರು ಬಾರಿ ಹಿಂದಕ್ಕೆ ಓಡಿಸಿದರು. ಮೊರಾಕ್ಕೋದ ನವಾಲ್ ಎಲ್ ಮುತವಕೆಲ್ 54.61 ಸೆಕೆಂಡಿನಲ್ಲಿ ಗೆದ್ದಳು. ಮುಸ್ಲಿಂ ಬಹುಸಂಖ್ಯಾತ ದೇಶವೊಂದರಿಂದ ಬಂದು ಒಲಿಂಪಿಕ್ ಚಿನ್ನ ಗೆದ್ದ ಮೊದಲ ಮಹಿಳೆ ಅವಳೆಂದಾಗ ನಮ್ಮ ಹಿಂದಿನ ಬೆಂಚಿನಲ್ಲಿ ತಟ್ಟಿದ ಚಪ್ಪಾಳೆ ಯಾವ ಮನೆಗಳ ಹುಡುಗಿಯರದೆಂದು ತಿರುಗಿ ನೋಡದೆಯೇ ತಿಳಿಯಿತು. ಮೂರನೆಯವಳು ರುಮೇನಿಯದ ಕ್ರಿಸ್ಟಿಯಾನಾ ಕೊಜೊಕಾರು, 55.41. ಉಷಾ, 55.42.

ಆ ನೂರರಲ್ಲೊಂದು ಪಾಲು ಸೆಕೆಂಡನ್ನು ಕಣ್ಣಾರೆ ಕಾಣಬೇಕೆಂದು ನಾವು ಹಟ ಹಿಡಿದೆವು. ಮಾಸ್ತರರು ಚಿತ್ರವನ್ನು ನಿಲ್ಲಿಸಿದರು. ಅಡ್ಡಗೆರೆಗಳು ನಡುಗುವ ಮಸುಕು ಚಿತ್ರದಲ್ಲಿ ಇಬ್ಬರೂ ಒಂದೇ ಮೈಯಂತಿದ್ದರು. ಒಂದು ಚೌಕಟ್ಟು ಮುಂದೆ ಸರಿಸಿದರೆ ಇಬ್ಬರೂ ಗೆರೆ ದಾಟಿದ್ದರು. ಅಲ್ಲಿಗೆ ಬಂದು ನಿಂತಿದ್ದ ಗಣಿತದ ಟೀಚರು ಕರಿಹಲಗೆಯ ಮೇಲೆ ಲೆಕ್ಕ ಹಾಕಿದರು. ನಮ್ಮ ಟಿ.ವಿ. ಸೆಕೆಂಡಿಗೆ 25 ಚಿತ್ರಗಳನ್ನು ತೋರಿಸುತ್ತದೆ. ಒಂದರಿಂದ ಇನ್ನೊಂದಕ್ಕೆ ನೂರರಲ್ಲಿ ನಾಲ್ಕು ಪಾಲು ಸೆಕೆಂಡು. ಉಷಾ ಸೋತ ಅಂತರ ಅದರ ಕಾಲು ಭಾಗ. ಸರಾಸರಿ ವೇಗದಲ್ಲಿ ಅದು ಸುಮಾರು 7 ಸೆಂಟಿಮೀಟರ್. “ನಿಮ್ಮ ಅಂಗೈಯ ಅಗಲ ನೋಡಿಕೊಳ್ಳಿ ಮಕ್ಕಳೇ,” ಎಂದರು ಟೀಚರು. ನಾವೆಲ್ಲ ಅಂಗೈ ಚಾಚಿ ನೋಡಿಕೊಂಡೆವು. ಆ ಯಂತ್ರಕ್ಕೆ ಕಾಣದಷ್ಟು ಚಿಕ್ಕದು ನಮ್ಮ ಕೈಯಲ್ಲಿತ್ತು.

ಮರುವಾರ ಮೈದಾನದಲ್ಲಿ ಹರ್ಡಲ್‌ಗಳು ನಿಂತವು. ಮಹಿಳೆಯರ 400 ಮೀಟರ್ ಓಟಕ್ಕೆ ಹತ್ತು ಹರ್ಡಲ್, ಎತ್ತರ 76.2 ಸೆಂಟಿಮೀಟರ್, ಒಂದರಿಂದ ಒಂದಕ್ಕೆ 35 ಮೀಟರ್. ನಮ್ಮ ಮೈದಾನ ಅಷ್ಟು ದೊಡ್ಡದಲ್ಲ. ಅಡಕೆ ಸಲಾಕೆಗಳಿಂದ ನಾಲ್ಕು ಚೌಕಟ್ಟು ಮಾಡಿ, ಎರಡೂವರೆ ಸುತ್ತು ಓಡಿದರೆ ಹತ್ತಾಗುವಂತೆ ಮಾಸ್ತರರು ಹೊಂದಿಸಿದರು. ಉದ್ದ ಲಂಗದಲ್ಲಿ ಓಡುವುದು ಹೇಗೆಂಬ ಪ್ರಶ್ನೆ ಬಂದಾಗ ರಕ್ಷಕರ ಸಭೆ ಕರೆದು, ಪೈಜಾಮಕ್ಕೆ ಅನುಮತಿ ಕೇಳಿದರು. ಸಭೆ ಎರಡು ಗಂಟೆ ನಡೆಯಿತಂತೆ. ನಾನು ಎರಡನೆಯ ಸಲಾಕೆಗೆ ಮೊಣಕಾಲು ತಾಗಿಸಿಕೊಂಡು ಬಿದ್ದು, ಓಟಕ್ಕಿಂತ ಓದೇ ಲೇಸೆಂದು ತೀರ್ಮಾನಿಸಿದವಳು. ಆದರೆ ನನಗಿಂತ ಎರಡು ತರಗತಿ ಕಿರಿಯಳೊಬ್ಬಳಿದ್ದಳು. ಬೀಡಿ ಕಟ್ಟುವ ತಾಯಿಯ ಮಗಳು. ಅವಳು ಸಲಾಕೆಯ ಮೇಲಿಂದ ಹಾರುತ್ತಿರಲಿಲ್ಲ, ದಾಟುತ್ತಿದ್ದಳು. ಹೊಸ್ತಿಲು ದಾಟಿದಷ್ಟು ಸಲೀಸಾಗಿ.

ಆ ಎರಡು ವರ್ಷ ಮಾಸ್ತರರು ತಿಂಗಳಿಗೊಂದು ಕ್ಯಾಸೆಟ್ ತರುತ್ತಿದ್ದರು. ಸಿನಿಮಾಗಳೂ ಇದ್ದವು. 1924ರ ಪ್ಯಾರಿಸ್ ಒಲಿಂಪಿಕ್ಸಿನ ಓಟಗಾರರ ಕತೆಯ ‘ಚಾರಿಯಟ್ಸ್ ಆಫ್ ಫೈರ್’ ಅವುಗಳಲ್ಲೊಂದು. ಭಾನುವಾರ ಓಡಲಾರೆನೆಂದು 100 ಮೀಟರ್ ಬಿಟ್ಟು 400 ಮೀಟರಿನಲ್ಲಿ ಚಿನ್ನ ಗೆದ್ದ ಎರಿಕ್ ಲಿಡೆಲ್ ಬಳಿಕ ಚೀನಾದಲ್ಲಿ ಶಾಲಾ ಶಿಕ್ಷಕನಾದ ಎಂದು ಹೇಳುವಾಗ ಮಾಸ್ತರರ ಮುಖದಲ್ಲಿದ್ದ ಸಂತೋಷ ಈಗಲೂ ಕಣ್ಣಿಗೆ ಕಟ್ಟುತ್ತದೆ. ಶಾಲೆಯೊಂದರ ಫುಟ್ಬಾಲ್ ತಂಡದ ಕತೆಯಿರುವ ಹಿಂದಿಯ ‘ಹಿಪ್ ಹಿಪ್ ಹುರ್ರೇ’ಯನ್ನೂ ನೋಡಿದೆವು. ಹುಡುಗರಿಗೆ ಬೇಕಾಗಿದ್ದುದು ಅಮೆರಿಕದ ಕುಸ್ತಿಯ ಕ್ಯಾಸೆಟ್. ಅದನ್ನು ಅವರು ಬೇರೆಡೆ ನೋಡಿ ಬಂದು ತರಗತಿಯ ಬೆಂಚಿನ ಮೇಲಿಂದ ಒಬ್ಬರ ಮೇಲೊಬ್ಬರು ಧುಮುಕಿ ಎರಡು ತೋಳು ಮುರಿದುಕೊಂಡರು.

ಎಲ್ಲ ಆಟವೂ ಟೇಪಿನಲ್ಲಿ ಉಳಿಯಲಿಲ್ಲ. 1983ರ ಜೂನ್ 18ರಂದು ಟನ್‌ಬ್ರಿಜ್ ವೆಲ್ಸ್‌ನಲ್ಲಿ ಜಿಂಬಾಬ್ವೆಯ ವಿರುದ್ಧ 9 ರನ್ನಿಗೆ ನಾಲ್ಕು ವಿಕೆಟ್ ಬಿದ್ದಾಗ ಬಂದು ಕಪಿಲ್ ದೇವ್ ಅಜೇಯ 175 ಹೊಡೆದ ಆಟದ ವಿಡಿಯೊ ದಾಖಲೆ ಲೋಕದಲ್ಲೆಲ್ಲೂ ಇಲ್ಲ. ಬಿಬಿಸಿಯ ನೌಕರರ ಮುಷ್ಕರ ಅದಕ್ಕೆ ಕಾರಣವೆಂದು ಹೇಳಲಾಗುತ್ತದೆ. ಒಂಬತ್ತನೆಯ ವಿಕೆಟಿಗೆ ಮುರಿಯದ 126 ರನ್ನಿನ ಜತೆಯಾಟದಲ್ಲಿ ಇನ್ನೊಂದು ತುದಿಯಲ್ಲಿ 24 ರನ್ ಗಳಿಸಿ ನಿಂತಿದ್ದ ಕಿರ್ಮಾನಿಯಂಥವರ ಬಾಯಿಮಾತಿನಿಂದ ನಾವು ಆ ಆಟವನ್ನು ಬಲ್ಲೆವು. 2021ರಲ್ಲಿ ‘83’ ಎಂಬ ಹಿಂದಿ ಚಿತ್ರದಲ್ಲಿ ಅದನ್ನು ಹೊಸದಾಗಿ ಆಡಿ ತೋರಿಸಬೇಕಾಯಿತು. ಇನ್ನು ದಾಖಲಿಸಿದ್ದನ್ನೂ ಅಳಿಸಿದ್ದುಂಟು. ಅಮೆರಿಕದ ಫುಟ್ಬಾಲಿನ ಮೊದಲ ಸೂಪರ್ ಬೌಲ್ ಪಂದ್ಯವನ್ನು 1967ರಲ್ಲಿ ಎರಡು ದೊಡ್ಡ ಟಿ.ವಿ. ಸಂಸ್ಥೆಗಳು ಪ್ರಸಾರ ಮಾಡಿದವು, ಎರಡೂ ಆ ಟೇಪಿನ ಮೇಲೆ ಬೇರೇನನ್ನೋ ತುಂಬಿಸಿದವು. ಟೇಪು ದುಬಾರಿ, ನಿನ್ನೆಯ ಆಟ ಅಗ್ಗ. ನಮ್ಮ ಪೇಟೆಯ ಅಂಗಡಿಯ ಲೆಕ್ಕಾಚಾರವೂ ಅದೇ ಆಗಿತ್ತು.

ಮಳೆಯೂ ತನ್ನ ಪಾಲು ತೆಗೆದುಕೊಂಡಿತು. ಆಟಿ ತಿಂಗಳಲ್ಲಿ ಟೇಪಿನ ಸುರುಳಿಗಳ ಅಂಚಿಗೆ ಬಿಳಿ ಬೂಷ್ಟು ಹಿಡಿಯುತ್ತಿತ್ತು. ಅಂಗಡಿಯವರು ಕಪಾಟಿನೊಳಗೆ ಹಗಲಿರುಳು ಒಂದು ಬಲ್ಬು ಉರಿಸಿಡುತ್ತಿದ್ದರು. 1991ರ ಬಳಿಕ ಉಪಗ್ರಹ ವಾಹಿನಿಗಳು ಕೇಬಲ್ ಮೂಲಕ ಬಂದವು. ಆಟದ ಪ್ರಸಾರದ ಹಕ್ಕು ಯಾರದೆಂಬ ವ್ಯಾಜ್ಯದಲ್ಲಿ 1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಅಲೆಗಳು ಸಾರ್ವಜನಿಕ ಸ್ವತ್ತೆಂದು ತೀರ್ಪಿತ್ತಿತು. ಮರುವರ್ಷ ಮಾರ್ಚ್ 9ರಂದು ಬೆಂಗಳೂರಿನಲ್ಲಿ ವೆಂಕಟೇಶ್ ಪ್ರಸಾದ್ ಪಾಕಿಸ್ತಾನದ ಆಮಿರ್ ಸೊಹೈಲರ ವಿಕೆಟ್ ಉರುಳಿಸಿದಾಗ ಊರಿಗೆ ಊರೇ ಅದೇ ಕ್ಷಣದಲ್ಲಿ ಕೂಗಿತು; ಯಾರೂ ಅಂಗಡಿಗೆ ಹೋಗಬೇಕಾಗಲಿಲ್ಲ. ಅಲ್ಲೀಗ ಮೊಬೈಲ್ ರಿಪೇರಿ. 2016ರಲ್ಲಿ ಜಪಾನಿನ ಫುನಾಯ್ ಕಂಪೆನಿ ಯಂತ್ರದ ತಯಾರಿಕೆಯನ್ನೇ ನಿಲ್ಲಿಸಿತು.

ಈಗ ನಮ್ಮ ಕ್ಯಾಸೆಟ್. 1987ರ ಜನವರಿಯ ಕ್ರೀಡೋತ್ಸವವನ್ನು ಮದುವೆ ಮನೆಗಳಲ್ಲಿ ವಿಡಿಯೊ ತೆಗೆಯುವವರಿಂದ ಮಾಸ್ತರರು ಚಿತ್ರಿಸಿದರು. ಖರ್ಚು ಕೊಟ್ಟವರು ಗಲ್ಫಿನಲ್ಲಿದ್ದ ಹಳೆಯ ವಿದ್ಯಾರ್ಥಿಯೊಬ್ಬರು. ಆ ದಿನ ನಾನು ಕಾಲೇಜಿನಿಂದ ನೋಡಲು ಬಂದಿದ್ದೆ. ಎರಡು ಪ್ರತಿ ಮಾಡಿಸಿ, ಒಂದನ್ನು ಅವರಿಗೆ ಕಳುಹಿಸಿ, ಇನ್ನೊಂದನ್ನು ಶಾಲೆಯಲ್ಲಿಟ್ಟರು. ಕಳೆದ ವರ್ಷ ಅದನ್ನು ಮಂಗಳೂರಿಗೆ ಒಯ್ದು ಶುಚಿಗೊಳಿಸಿ, ಕಂಪ್ಯೂಟರಿಗೆ ಇಳಿಸಿದೆವು. ವಿ.ಎಚ್.ಎಸ್. ಕ್ಯಾಸೆಟ್‌ನ ಬೆನ್ನಿನಲ್ಲಿ ಒಂದು ಚಿಕ್ಕ ಪ್ಲಾಸ್ಟಿಕ್ ತುಣುಕಿರುತ್ತದೆ. ಅದನ್ನು ಮುರಿದರೆ ಮತ್ತೆ ಅದರ ಮೇಲೆ ದಾಖಲಿಸಲಾಗದು. ನಮ್ಮದರಲ್ಲಿ ಅದನ್ನು ಮುರಿದಿತ್ತು. ಮುರಿದ ಜಾಗಕ್ಕೆ ಯಾರೋ ಗಮ್ ಟೇಪು ಅಂಟಿಸಿದ್ದರು.

ಹನ್ನೊಂದು ನಿಮಿಷ ಉಳಿದಿದೆ. ಧ್ವಜವಂದನೆ, ಪಥಸಂಚಲನ, ಬಿಳಿ ಟೊಪ್ಪಿಯ ಮಾಸ್ತರರು ಸುಣ್ಣದ ಗೆರೆಯನ್ನು ಕಾಲಿನಿಂದ ಸರಿಪಡಿಸುವುದು, ಪುಟ್ಟ ಮಕ್ಕಳ ನಿಂಬೆಹಣ್ಣಿನ ಓಟ. ಬಳಿಕ ಹುಡುಗಿಯರ ಹರ್ಡಲ್ಸ್. ಐವರು ಗೆರೆಯ ಮೇಲಿದ್ದಾರೆ, ಮೂರನೆಯವಳು ಅವಳೇ. ಬಾಗುತ್ತಾಳೆ. ಮಾಸ್ತರರು ಸೀಟಿ ಬಾಯಿಗಿಡುತ್ತಾರೆ. ಪರದೆಯ ಮೇಲೊಂದು ಬಿಳಿ ಗೆರೆ ಹಾದು, ಮಿಲಾನ್ ನಗರ. 1990ರ ಜೂನ್ 8ರ ವಿಶ್ವಕಪ್ ಫುಟ್ಬಾಲಿನ ಉದ್ಘಾಟನಾ ಪಂದ್ಯ. ಕ್ಯಾಮರೂನ್ ದೇಶದ ಇಬ್ಬರು ಆಟಗಾರರು ಹೊರಹಾಕಲ್ಪಟ್ಟರೂ ಒಮಾಮ್ ಬಿಯಿಕ್‌ನ ಒಂದೇ ಗೋಲಿನಿಂದ ಮರಡೋನಾನ ಅರ್ಜೆಂಟೀನಾ ಸೋತದ್ದು. ಅದೊಂದು ದೊಡ್ಡ ಆಟ, ನಿಜ. ಅದರ ಪ್ರತಿಗಳು ಜಗತ್ತಿನಲ್ಲಿ ಎಷ್ಟಿವೆಯೋ ಏನೋ.

ಅವಳಿಗೆ ಹೇಳಿಕಳುಹಿಸಿದೆ. ಹತ್ತನೆಯ ತರಗತಿಯ ಬಳಿಕ ಕಣ್ಣೂರಿನ ಕ್ರೀಡಾ ವಿಭಾಗಕ್ಕೆ ಅರ್ಜಿ ತುಂಬಿಸಿಟ್ಟಿದ್ದರು ಮಾಸ್ತರರು. ಮನೆಯವರು ಒಪ್ಪಲಿಲ್ಲ, ಮದುವೆಯಾಯಿತು. ಈಗ ಮೊಮ್ಮಗುವಿದೆ. ಕಚೇರಿಯಲ್ಲಿ ನನ್ನ ಪಕ್ಕ ಕುಳಿತು ಹನ್ನೊಂದು ನಿಮಿಷವೂ ಮಾತಾಡದೆ ನೋಡಿದಳು. ಮಿಲಾನ್ ಬಂದಾಗ, “ಅಕ್ಕಾ, ನಾನು ಓಡಿದ್ದು ಇದರಲ್ಲಿ ಇಲ್ಲವಾ?” ಎಂದಳು. ಇಲ್ಲವೆಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಬಳಿಕ ಅವಳೇ ಹೇಳತೊಡಗಿದಳು: ಮೊದಲ ತಿರುವಿನಲ್ಲಿ ಗಾಳಿ ಎದುರಿತ್ತು, ಏಳನೆಯ ಸಲಾಕೆಗೆ ಹೆಬ್ಬೆರಳು ತಾಗಿತು, ಬೀಳುತ್ತೇನೆಂದುಕೊಂಡಳು, ಬೀಳಲಿಲ್ಲ, ಕೊನೆಯ ಸುತ್ತಿನಲ್ಲಿ ತಾಯಿ ಬೇಲಿಯಾಚೆ ನಿಂತದ್ದು ಕಂಡಿತು. ಮೇಜಿನ ಮೇಲೆ ಎರಡು ಬೆರಳುಗಳನ್ನು ಓಡಿಸಿ ತೋರಿಸಿದಳು.

ಗಲ್ಫಿಗೆ ಹೋದ ಆ ಇನ್ನೊಂದು ಪ್ರತಿ ಎಲ್ಲಿದೆಯೋ ತಿಳಿಯದು. ಅದನ್ನು ತರಿಸಿಕೊಂಡ ಹಿರಿಯರು ಈಗಿಲ್ಲ. ಅವರ ಕ್ಯಾಸೆಟ್‌ಗಳು ಬಂಧುಮಿತ್ರರಲ್ಲಿ ಹಂಚಿಹೋಗಿವೆಯೆಂದು ಮನೆಯವರು ತಿಳಿಸಿದ್ದಾರೆ. ಹಳೆಯ ವಿದ್ಯಾರ್ಥಿಗಳೂ ರಕ್ಷಕರೂ ತಮ್ಮ ಮನೆಯ ಅಟ್ಟವನ್ನೊಮ್ಮೆ ನೋಡಬೇಕಾಗಿ ವಿನಂತಿ. ಚೀಟಿಯಲ್ಲಿ ಬೇರೇನು ಬರೆದಿದ್ದರೂ ಬಿಸಾಡಬೇಡಿ. ಬೂಷ್ಟು ಹಿಡಿದಿದ್ದರೆ ಯಂತ್ರಕ್ಕೆ ಹಾಕಿ ಓಡಿಸಲೂಬೇಡಿ, ಪಟ್ಟಿ ಹರಿಯುತ್ತದೆ. ಹತ್ತಿಬಟ್ಟೆಯಲ್ಲಿ ಸುತ್ತಿ ಶಾಲೆಯ ಕಚೇರಿಗೆ ತಲುಪಿಸಿದರೆ ಸಾಕು. ಶನಿವಾರ ಮಧ್ಯಾಹ್ನದ ವರೆಗೂ ನಾನು ಅಲ್ಲಿಯೇ ಇರುತ್ತೇನೆ.